ಮರಿಕೋಡಿನ ಬಾಯಿ

ನಮ್ಮೂರಿನಲ್ಲಿ ಮನುಷ್ಯರು ಹೇಳಿದ್ದಕ್ಕೆ ಬೆಲೆಯಿಲ್ಲ, ಬಂಡೆ ಹೇಳಿದ್ದಕ್ಕಿದೆ. ಇದನ್ನು ನಾನು ಸಿಟ್ಟಿನಿಂದಲೇ ಹೇಳುತ್ತಿದ್ದೇನೆ. ಸಮಾಧಾನವಾಗಿ ಹೇಳಬಲ್ಲವರು ಬೇರೆ ಯಾರಾದರೂ ಇದ್ದರೆ ಬಂದು ಹೇಳಲಿ, ನಾನು ಎದ್ದು ಜಾಗ ಬಿಡುತ್ತೇನೆ.

ಊರಿನ ಬೆನ್ನಿಗೆ ಎರಡು ಶಿಖರಗಳಿವೆ. ದೊಡ್ಡದು ಹಿರಿಕೋಡು. ಹೊರಗಿನವರು ಹಗ್ಗ, ಕೊಕ್ಕೆ, ಬಣ್ಣಬಣ್ಣದ ಟೋಪಿ ಹೊತ್ತು ಬಂದು ಹತ್ತುವುದು ಅದನ್ನು. ಅದರ ಭುಜಕ್ಕೂ ಬಾರದಂತೆ ಪಕ್ಕದಲ್ಲಿ ನಿಂತಿರುವುದು ಮರಿಕೋಡು. ತುದಿಯಲ್ಲಿ ಆಗತಾನೆ ಮೊಳೆತ ಟಗರುಮರಿಯ ಕೋಡಿನಂತೆ ಕೊಂಚ ಡೊಂಕು, ಸೊಂಟದವರೆಗೆ ಜಾರುಗಲ್ಲು, ಅದರ ಕೆಳಗೆ ವರ್ಷದಲ್ಲಿ ಏಳು ತಿಂಗಳು ಹಿಮ. ಹಿರಿಕೋಡಿನ ಮೇಲೆ ತೆಗೆಸಿಕೊಂಡ ಫೋಟೋಗಳಲ್ಲಿ ಮರಿಕೋಡು ಯಾರದೋ ಕಿವಿಯ ಪಕ್ಕದಲ್ಲಿ ಅರ್ಧ ಕತ್ತರಿಸಿ ಹೋಗಿರುತ್ತದೆ. "ಅದ್ಯಾವುದು?" ಎಂದು ಒಬ್ಬಾಕೆ ಕೇಳಿದಾಗ ಅವರ ಗೈಡು "ಅದಾ? ಅದೇನಿಲ್ಲ ಮೇಡಂ" ಎಂದದ್ದನ್ನು ನಾನೇ ಕೇಳಿಸಿಕೊಂಡಿದ್ದೇನೆ.

ಆ 'ಅದೇನಿಲ್ಲ'ವೇ ನಮಗೆ ಕೋರ್ಟು, ಕಚೇರಿ, ಸಾಕ್ಷಿ ಎಲ್ಲ. ಬಯಲಿನಲ್ಲಿ ನಿಂತು ನೀವು ಇವತ್ತು ದನಿಯೆತ್ತಿ ಆಡಿದ ಮಾತನ್ನು ಮರಿಕೋಡು ನಾಳೆ ಬೆಳಗ್ಗೆ ತನ್ನ ತುದಿಗೆ ಬಿಸಿಲು ತಾಗಿದೊಡನೆ ನಿಮ್ಮದೇ ದನಿಯಲ್ಲಿ ಊರಿಗೆಲ್ಲ ಒಪ್ಪಿಸುತ್ತದೆ. ಕೆಮ್ಮಿದ್ದರೆ ಕೆಮ್ಮೂ ಸೇರಿ. ಹಾಗೆ ಬಂದದ್ದು ಕೋಡುಮಾತು, ಅದರ ಮೇಲೆ ಮಾತಿಲ್ಲ. ಮದುವೆಗೆ ಗಂಡು ಒಪ್ಪಿಗೆಯನ್ನು ಇವತ್ತು ಕೂಗಿದರೆ ಪಾಯಸಕ್ಕೆ ಒಲೆ ಹಚ್ಚುವುದು ನಾಳೆ, ಕೋಡು ಹೇಳಿದ ಮೇಲೆ. ಹೊಲದ ಗಡಿ, ಟಗರಿನ ಮಾರಾಟ, ಕ್ಷಮಾಪಣೆ ಎಲ್ಲಕ್ಕೂ ಇದೇ ಪದ್ಧತಿ. ಮೋಡ ಕವಿದಿದ್ದರೆ ಮಾತ್ರ ಕೋಡಿಗೆ ಏನೂ ಕೇಳದು. ಹಾಗಾಗಿ ತಿಳಿಯಾದ ದಿನಗಳಲ್ಲಿ ನಮ್ಮ ಬೀದಿಗಳಲ್ಲಿ ಜೇನು ಹರಿಯುತ್ತದೆ. "ಅತ್ತೇ, ನೀವು ಕೂತ್ಕೊಳಿ, ನೀರು ನಾನು ತರ್ತೀನಿ." "ಅಯ್ಯೋ ನನ್ನ ಬಂಗಾರ, ನೀನು ದಣಿದೀಯ." ಮೋಡ ಇಳಿದೊಡನೆ ಅದೇ ಅತ್ತೆ, ಅದೇ ಬಂಗಾರ, ಅದೇ ಕೊಡ, ಬೇರೆ ಭಾಷೆ. ಒಂದು ಸಲ ಹನ್ನೊಂದು ದಿನ ಮೋಡವೇ ಬರದೆ, ಬೈಗುಳವನ್ನು ಒಳಗೇ ಇಟ್ಟುಕೊಂಡು ಇಬ್ಬರಿಗೆ ಜ್ವರ ಬಂದಿತ್ತು.

ತೊಂದರೆಯೆಂದರೆ ಊರು ಕಣಿವೆಯ ತಳದಲ್ಲಿದೆ. ಬೆಳಗಿನ ಮೊದಲ ಬಿಸಿಲಿನ ಹೊತ್ತು ಬಿಟ್ಟರೆ ಹೆಚ್ಚುಕಡಿಮೆ ಇಡೀ ಹಗಲು ಮಂಜು. ಮಂಜು ಮಾತನ್ನು ತಡೆಯುವುದಿಲ್ಲ, ಕಣ್ಣನ್ನು ತಡೆಯುತ್ತದೆ. ಮೇಲೆ ಕೋಡು ತಿಳಿಯಾಗಿದೆಯೋ ಮೋಡದಲ್ಲಿದೆಯೋ ಕೆಳಗಿನವರಿಗೆ ಕಾಣದು. ಅದಕ್ಕೇ ಮಂಜಿನ ಮೇಲಿರುವ ದಿಬ್ಬದಲ್ಲಿ ಒಬ್ಬ ಕೊಂಬಿನವನು. ಒಂದು ಉದ್ದ ಊದಿದರೆ ಮೋಡ, ಬಾಯಿ ಬಿಡಿ. ಎರಡು ಮೊಟಕು ಊದಿದರೆ ತಿಳಿ, ಬಾಯಿ ಹಿಡಿ. ಕೊಂಬಿನ ಸದ್ದನ್ನು ಮಾತ್ರ ಕೋಡು ಮರುನುಡಿಯುವುದಿಲ್ಲ. ಸ್ವಜಾತಿ ಅಂತ ದಾಕ್ಷಿಣ್ಯವಿರಬೇಕು.

ಆ ಕೊಂಬಿನವನು ನಾನು. ಕೆಳಗಿನ ಪಟ್ಟಣದಲ್ಲಿ ಮೂರು ವರ್ಷ ಓದಿ ಬಂದದ್ದರಿಂದ ಊರವರು ನನ್ನ ಹೆಸರನ್ನು ಮರೆತು 'ಕಾಲೇಜು' ಎಂದು ಕರೆಯುತ್ತಾರೆ. ಕಾಲೇಜಿನಲ್ಲಿ ನಾನು ಕಲಿತದ್ದರಲ್ಲಿ ಉಳಿದದ್ದು ಒಂದೇ, ಅಣಕು. ಪ್ರಿನ್ಸಿಪಾಲರಿಂದ ಹಿಡಿದು ಹಾಸ್ಟೆಲಿನ ಬಾಗಿಲಿನವರೆಗೆ ಯಾರ ದನಿ ಬೇಕಾದರೂ ನನ್ನ ಗಂಟಲಲ್ಲಿ ಬಾಡಿಗೆಗೆ ಇರುತ್ತಿತ್ತು. ಊರಿಗೆ ಬಂದ ಮೇಲೆ ಊರವರು ಬಂದು ಸೇರಿಕೊಂಡರು.

ಎಲ್ಲರಿಗಿಂತ ಸೊಗಸಾಗಿ ಬರುತ್ತಿದ್ದವರು ಇಬ್ಬರು. ಒಬ್ಬರು ಯಜಮಾನ ದ್ಯಾವಣ್ಣ. ಊರಿನ ಅರ್ಧ ಕುರಿ ಅವರದು, ಉಳಿದರ್ಧದ ಮೇಲೆ ಕಣ್ಣು. ಪ್ರತಿ ಮಾತಿನ ಕೊನೆಗೆ ಗಂಟಲನ್ನು 'ಹ್ಞಕ್ಕ್' ಎಂದು ಕೆರೆದು "ಅಂದ ಮೇಲೆ... ಆಯ್ತಲ್ಲ" ಎನ್ನುವುದು ಅವರ ಅಭ್ಯಾಸ. ಇನ್ನೊಬ್ಬಳು ಹೊಂಬಾಳಕ್ಕ. ಗಂಡ ಜಾರುಗಲ್ಲಿನಲ್ಲಿ ಹೋದ ಮೇಲೆ ಕಂಬಳಿ ನೇಯ್ದುಕೊಂಡು, ಸಣ್ಣದೊಂದು ಮಂದೆ ಇಟ್ಟುಕೊಂಡು, ಯಾರಿಗೂ ತಲೆಬಾಗದೆ ಇದ್ದವಳು. ಎಲ್ಲ ಮಾತನ್ನೂ "ಏನಂತೀ?" ಎಂದು ಮುಗಿಸುತ್ತಿದ್ದಳು, ನಾವೇನಂತೀವಿ ಅಂತ ಕೇಳಲು ಮಾತ್ರ ನಿಲ್ಲುತ್ತಿರಲಿಲ್ಲ.

ಇವರಿಬ್ಬರ ನಡುವೆ ಹಸಿರುಬಟ್ಟಲಿತ್ತು. ಮರಿಕೋಡಿನ ಮಡಿಲಲ್ಲಿ ಗಾಳಿ ತಾಗದ ಒಂದು ತಗ್ಗು ಹುಲ್ಲುಗಾವಲು. ಮಿಕ್ಕ ಇಳಿಜಾರುಗಳಲ್ಲಿ ಇನ್ನೂ ಹಿಮ ಗಟ್ಟಿಯಾಗಿರುವಾಗಲೇ ಅಲ್ಲಿ ನೀರೊಡೆದು ಹುಲ್ಲು ಚಿಗುರುತ್ತದೆ. ಹದಿನೈದು ದಿನ ಮುಂಚೆ, ಅಷ್ಟೇ. ಆದರೆ ಚಳಿಗಾಲದ ಒಣಮೇವು ಮುಗಿದು ಈದ ಕುರಿಗಳ ಕೆಚ್ಚಲು ಬತ್ತುವುದು ಆ ಹದಿನೈದು ದಿನದಲ್ಲೇ. ಬಟ್ಟಲು ಹೊಂಬಾಳಕ್ಕನ ಮನೆತನದ್ದು. ಅದಿಲ್ಲದಿದ್ದರೆ ಅವಳ ಮರಿಗಳು ಬದುಕುವುದಿಲ್ಲ, ಮರಿಗಳಿಲ್ಲದಿದ್ದರೆ ಉಣ್ಣೆಯಿಲ್ಲ, ಮಗ್ಗವಿಲ್ಲ, ಅವಳಿಲ್ಲ. ದ್ಯಾವಣ್ಣ ವರ್ಷಕ್ಕೊಮ್ಮೆ ಕೇಳುತ್ತಿದ್ದರು. ಅವಳು ವರ್ಷಕ್ಕೊಮ್ಮೆ ತಿಳಿಯಾದ ದಿನ ನೋಡಿಕೊಂಡು "ಕೊಡಲ್ಲ, ಏನಂತೀ?" ಎಂದು ಕೂಗುತ್ತಿದ್ದಳು.

ಆ ಗುರುವಾರ ಉಣ್ಣೆ ಕತ್ತರಿಸುವ ದಿನ. ಬೆಳಗ್ಗೆ ಕೋಡು ಪೂರ್ತಿ ಮೋಡದಲ್ಲಿತ್ತು, ಉದ್ದ ಊದಿದೆ. ಗಂಟೆಗೊಮ್ಮೆ ನೋಡಿ ಊದುವುದು ಕೆಲಸ. ಆದರೆ ಕೆಳಗಿನ ರೊಪ್ಪದಿಂದ ಜವೆಗೋಧಿ ರೊಟ್ಟಿಯ ವಾಸನೆ, ಬೆಳ್ಳುಳ್ಳಿ ಚಟ್ನಿಯ ವಾಸನೆ, ನಗೆಯ ಸದ್ದು. ಇಳಿದುಬಿಟ್ಟೆ. ಏಳೆಂಟು ಜನ ಕುರಿಗಳನ್ನು ಕೆಡವಿಕೊಂಡು ಕತ್ತರಿಸುತ್ತಿದ್ದರು. ಅವರಲ್ಲಿ ಹಿರಿಯ ಕತ್ತರಿಗಾರ ಚಿಕ್ಕೀರಣ್ಣ, "ಬಂದ ನೋಡ್ರಪ್ಪ ಕಾಲೇಜು! ಲೇ, ಯಜಮಾನ್ರನ್ನ ಬಿಡೋ ಒಂಚೂರು" ಎಂದ. ಬಿಟ್ಟೆ. "ಹ್ಞಕ್ಕ್. ಬಟ್ಟಲು ನನಗೆ ಕೊಡವ್ವಾ. ಅಂದ ಮೇಲೆ... ಆಯ್ತಲ್ಲ." ನಕ್ಕರು. "ಅಕ್ಕನ್ನ ಬಿಡು, ಅಕ್ಕನ್ನ!" ನಾನು ಉಣ್ಣೆಯ ಕುಪ್ಪೆಯ ಮೇಲೆ ಹತ್ತಿ, ಸೊಂಟಕ್ಕೆ ಕೈ ಕೊಟ್ಟು, ಅವಳು ಸತ್ತರೂ ಹೇಳದ ಮಾತನ್ನೇ ಹೇಳಿದೆ, ತಮಾಷೆ ಇದ್ದದ್ದೇ ಅದರಲ್ಲಿ: "ತಗೋ ಯಜಮಾನ, ಹಸಿರುಬಟ್ಟಲು ಇನ್ನು ನಿಂದೇ! ನನ್ನ ಕುರಿ ಗಾಳಿ ಮೇಯ್ತವೆ, ಏನಂತೀ?" ಚಿಕ್ಕೀರಣ್ಣ ನಕ್ಕ ನಗೆಗೆ ಅವನ ಕಾಲಡಿಯ ಕುರಿ ಅರ್ಧ ಬೋಳಾಗಿಯೇ ಓಡಿಹೋಯಿತು.

ಮೇಲೆ ದಿಬ್ಬದಲ್ಲಿ ಯಾರೂ ಇರಲಿಲ್ಲ. ಮೋಡ ಸರಿದದ್ದನ್ನು ಯಾರೂ ನೋಡಲಿಲ್ಲ.

ಶುಕ್ರವಾರ ಬೆಳಗ್ಗೆ ಎಂದಿನಂತೆ ಜನ ಬಾಗಿಲಿಗೆ ಬಂದು ಮುಖ ಎತ್ತಿ ನಿಂತರು. ತುದಿಗೆ ಬಿಸಿಲು ತಾಗಿತು. ಹಿಂದಿನ ದಿನವೆಲ್ಲ ಮೋಡವೆಂದು ನಂಬಿದ್ದರಿಂದ ಯಾರಿಗೂ ಏನೂ ನಿರೀಕ್ಷೆಯಿರಲಿಲ್ಲ. ಮರಿಕೋಡು ಬಾಯಿ ತೆರೆಯಿತು. ಹೊಂಬಾಳಕ್ಕನ ದನಿ, ಅವಳ ದಿಟ್ಟತನ, ಅವಳ 'ಏನಂತೀ'. ಹಸಿರುಬಟ್ಟಲು ಇನ್ನು ನಿಂದೇ. ದ್ಯಾವಣ್ಣನ ದನಿಯಲ್ಲಿ ನಾನಾಡಿದ್ದು ಬರಲೇ ಇಲ್ಲ. ಆಗ ಇನ್ನೂ ಮೋಡವಿತ್ತು. ಬಿರುಕು ಬಿಟ್ಟದ್ದು ಸರಿಯಾಗಿ ಆ ಒಂದು ವಾಕ್ಯದಷ್ಟು. ಇಂಥ ದುರದೃಷ್ಟವನ್ನು ಹುಡುಕಿದರೂ ಸಿಗಲಿಕ್ಕಿಲ್ಲ.

ಹೊಂಬಾಳಕ್ಕ ಹಾಲಿನ ಗಿಂಡಿ ಹಿಡಿದು ತನ್ನ ಬಾಗಿಲಲ್ಲೇ ನಿಂತಿದ್ದಳು. "ಇದು ನಾನಲ್ಲ" ಎಂದಳು. "ನಾನಿಲ್ಲಿದೀನಿ. ಅದು ನಾನಲ್ಲ."

ಜನ ಅವಳ ಕಡೆ ತಿರುಗಲಿಲ್ಲ. ಇನ್ನೂ ಕೋಡನ್ನೇ ನೋಡುತ್ತಿದ್ದರು. ದ್ಯಾವಣ್ಣ ತಮ್ಮ ಜಗಲಿಯಿಂದ ಇಳಿದು ಬಂದರು. "ಹ್ಞಕ್ಕ್. ಊರೇ ಕೇಳ್ತಲ್ಲವ್ವ. ನಾನೇನು ಕೈ ಹಿಡಿದು ಕೇಳಿದ್ನಾ? ನೀನಾಗೇ ದೊಡ್ಡ ಮನಸು ಮಾಡ್ದೆ. ಅಂದ ಮೇಲೆ... ಆಯ್ತಲ್ಲ. ಮಂಗಳವಾರ ನನ್ನ ಮಂದೆ ಮೇಲೆ ಹೋಗುತ್ತೆ."

"ಚಿಕ್ಕೀರಣ್ಣ" ಎಂದಳು ಅವಳು, "ನಿನ್ನೆ ರೊಪ್ಪದಲ್ಲಿ ಯಾವುದಕ್ಕೋ ಬಿದ್ದೂ ಬಿದ್ದೂ ನಗ್ತಿದ್ರಲ್ಲ. ಯಾವುದಕ್ಕೆ?"

ಚಿಕ್ಕೀರಣ್ಣ ತನ್ನ ಕತ್ತರಿಯ ಅಲಗನ್ನು ಮೊದಲ ಸಲ ನೋಡುವವನಂತೆ ನೋಡಿದ. "ಕುರಿ ಓಡಿಹೋಯ್ತಕ್ಕ. ಅದಕ್ಕೆ ನಕ್ವಿ."

ಮಿಕ್ಕವರೂ ಕುರಿಗೇ ನಕ್ಕಿದ್ದರಂತೆ. ದ್ಯಾವಣ್ಣನ ಮಂದೆ ಬಟ್ಟಲಿಗೆ ಹೋದರೆ ಅವರ ನಾಲ್ಕಾರು ಕುರಿಗಳೂ ಅದರ ಹಿಂದೆ ನುಸುಳುತ್ತವೆ. ಹೊಂಬಾಳಕ್ಕನ ಹಿಂದೆ ಹಾಗೆ ನುಸುಳಲಾಗದು. ನನಗೆ ಮೈಯೆಲ್ಲ ಉರಿಯಿತು. ಆದರೆ ಆ ಕ್ಷಣಕ್ಕೆ ನಾನೂ ಬಾಯಿ ಬಿಡಲಿಲ್ಲ. ಬೇರೆ ಯಾರಾದರೂ ಹೇಳಲಿ ಅಂತ ಕಾದೆ. ಊರಿಗೆಲ್ಲ ದನಿ ಕೊಡುವವನಿಗೆ ಆವತ್ತು ತನ್ನದು ಸಿಗಲಿಲ್ಲ. ಈ ಸಿಟ್ಟಿನಲ್ಲಿ ನನ್ನ ಪಾಲಿನದನ್ನೂ ಸೇರಿಸಿಕೊಂಡೇ ಹೇಳುತ್ತಿದ್ದೇನೆ.

ಮಧ್ಯಾಹ್ನದ ಹೊತ್ತಿಗೆ ತಡೆಯಲಾರದೆ ಚಾವಡಿಗೆ ಹೋಗಿ ಹೇಳಿಬಿಟ್ಟೆ. ಅದು ನನ್ನ ಅಣಕು, ಕೊಂಬು ಬಿಟ್ಟು ಇಳಿದದ್ದು ನನ್ನ ತಪ್ಪು ಎಂದು. "ಬಾಯಿಮಾತಪ್ಪ" ಎಂದರು ಅಲ್ಲಿ ಕೂತವರು. "ಕೋಡಿಗೆ ಹೇಳು." ದಿಬ್ಬ ಹತ್ತಿ, ತಿಳಿ ನೋಡಿ, ಗಂಟಲು ಹರಿಯುವಂತೆ ಕೂಗಿದೆ. ಅವಳೂ ತನ್ನ ಅಂಗಳದಿಂದ ಕೂಗಿದಳು. ಶನಿವಾರ ಬೆಳಗ್ಗೆ ಕೋಡು ಎರಡನ್ನೂ ಒಪ್ಪಿಸಿತು, ಒಂದಕ್ಷರ ಬಿಡದೆ. "ನಾನು ಕೊಟ್ಟಿಲ್ಲ" ಎಂದು ಅವಳ ದನಿ. "ಅದು ನಾನು ಅಣಕಿಸಿದ್ದು" ಎಂದು ನನ್ನ ದನಿ.

ದ್ಯಾವಣ್ಣ ನಕ್ಕರು. "ಕೊಟ್ಟೋರೆಲ್ಲ ಮಾರನೇ ದಿನ ಹಂಗೇ ಅಂತಾರೆ. ಹ್ಞಕ್ಕ್. ಮೊದಲು ಬಂದ ಕೋಡುಮಾತೇ ಮಾತು, ಅಜ್ಜನ ಕಾಲದಿಂದ. ಇನ್ನು ಈ ಕಾಲೇಜು! ಹತ್ತು ಗಂಟಲಿನವನು. ಇವನ ಯಾವ ಗಂಟಲನ್ನ ನಂಬೋದು?"

ಜನ ತಲೆಯಾಡಿಸಿದರು. ಒಬ್ಬ ಹೆಂಗಸು ಎದುರಿಗೆ ನಿಂತು ಇಲ್ಲ ಅನ್ನುತ್ತಿದ್ದಾಳೆ, ಅವಳ ಮಾತನ್ನು ಕದ್ದವನು ಪಕ್ಕದಲ್ಲೇ ನಿಂತು ಕದ್ದೆ ಅನ್ನುತ್ತಿದ್ದಾನೆ, ಊರು ಮಾತ್ರ ಮೂರು ಮೈಲಿ ದೂರದ ಕಲ್ಲನ್ನು ನೋಡಿ ತಲೆಯಾಡಿಸುತ್ತಿದೆ. ಹೊರಗಿನವರು ಆ ಕಲ್ಲನ್ನು 'ಅದೇನಿಲ್ಲ' ಎಂದಾಗ ಸಿಟ್ಟಾಗುತ್ತಿದ್ದ ನನಗೆ ಆವತ್ತು ಅವರನ್ನು ಕರೆಸಿ ಇನ್ನೊಮ್ಮೆ ಹೇಳಿಸೋಣ ಅನ್ನಿಸಿತು.

ಅಂದೇ ಹೊಂಬಾಳಕ್ಕನ ಮನೆಗೆ ಹೋದೆ. ಅವಳು ಮಗ್ಗದ ಗುಂಡಿಯಲ್ಲಿ ಕಾಲಿಳಿಬಿಟ್ಟು ಕೂತು ಲಾಳಿ ಎಸೆಯುತ್ತಿದ್ದಳು. ಗೋಡೆಯಾಚೆ ಮರಿಗಳು ಬತ್ತಿದ ಕೆಚ್ಚಲಿಗೆ ಗುದ್ದಿ ಗುದ್ದಿ ಅರಚುತ್ತಿದ್ದವು. ನನ್ನನ್ನು ಕಂಡರೂ ಕೈ ನಿಲ್ಲಿಸಲಿಲ್ಲ.

"ಅಕ್ಕ, ನಾನೇ ಸರಿ ಮಾಡ್ತೀನಿ. ಯಜಮಾನ್ರ ದನೀಲಿ ಕೂಗ್ತೀನಿ, ಬಟ್ಟಲು ವಾಪಸ್ ಕೊಟ್ಟೆ ಅಂತ. ಇಲ್ಲಾಂದ್ರೆ ನಿನ್ನ ದನೀಲೇ ಇನ್ನೊಂದ್ಸಲ..."

ಲಾಳಿ ನಿಂತಿತು. "ನನ್ನ ದನೀಲಿ?"

ಲಾಳಿಯನ್ನು ಮಡಿಲಲ್ಲಿಟ್ಟುಕೊಂಡು ನನ್ನ ಕಡೆ ತಿರುಗಿದಳು.

"ನನಗಿರೋದು ಒಂದೇ ಗಂಟಲು ಕಣೋ. ನಿನ್ನ ಥರ ಹತ್ತಿಲ್ಲ. ಅದನ್ನ ನನ್ನ ಕೇಳದೆ ಎತ್ಕೊಂಡು ಹೋಗಿ ರೊಪ್ಪದಲ್ಲಿ ಕುಣಿಸಿದೆ. ಈಗ ಮತ್ತೆ ಎತ್ಕೊಂಡು ಹೋಗ್ತೀನಿ, ಈ ಸಲ ಒಳ್ಳೇದಕ್ಕೆ ಅಂತೀಯ. ಕಳ್ಳ ಕದ್ದ ಕೊಡದಲ್ಲೇ ನೀರು ತಂದುಕೊಡ್ತೀನಿ ಅಂದಂಗಾಯ್ತು, ಏನಂತೀ?" ಈ ಸಲ ಅವಳು ಮಾತು ನಿಲ್ಲಿಸಿ ಉತ್ತರಕ್ಕೆ ಕಾದಳು. "ಅವರ ದನಿ ಕದ್ದರೂ ಅಷ್ಟೇ. ಸುಳ್ಳಿನ ಮೇಲೆ ಸುಳ್ಳು ಹೇರಿ ಬಟ್ಟಲು ತಗೊಂಡ್ರೆ ನನ್ನ ಕುರಿ ಏನು ಮೇಯ್ಬೇಕು ಅಲ್ಲಿ? ಅವರೆಲ್ಲರಿಗೂ ನಿಜ ಗೊತ್ತು. ಗೊತ್ತಿದ್ದೂ ಗೊತ್ತಿದ್ದೂ ನನ್ನ ಮುಖ ನೋಡಲ್ಲ. ಹೊಟ್ಟೆ ಉರಿಯೋದು ಅದಕ್ಕೆ." ಲಾಳಿ ಮತ್ತೆ ಓಡಿತು. "ನನ್ನ ಗಂಟಲು ನಾನು ನೋಡ್ಕೋತೀನಿ. ನೀನು ನಿನ್ನ ಕೊಂಬು ನೋಡ್ಕೋ. ಅದನ್ನೂ ನೆಟ್ಟಗೆ ಮಾಡಲಿಲ್ಲವಲ್ಲ."

ಭಾನುವಾರ ಬೆಳಗ್ಗೆ ದಿಬ್ಬದ ಮೇಲೆ ನಿಂತಾಗ ಕೆಳಗೆ ಮಂಜು ಹಾಲಿನ ಕೆರೆಯಂತೆ ತುಂಬಿತ್ತು. ಮೇಲೆ ಮರಿಕೋಡು ತೊಳೆದಿಟ್ಟಂತೆ ಹೊಳೆಯುತ್ತಿತ್ತು. ಆಕಾಶದಲ್ಲಿ ಹಿಡಿಯಷ್ಟೂ ಮೋಡವಿಲ್ಲ. ಕೊಂಬನ್ನು ತುಟಿಗೆ ತಂದೆ. ಆಗಲೇ ಮಂಜಿನಿಂದ ಹೊಂಬಾಳಕ್ಕ ಮೇಲೆದ್ದು ಬಂದಳು, ಬೆನ್ನ ಮೇಲೆ ಬುಟ್ಟಿ, ಒಲೆಗೆ ಪುಳ್ಳೆ ಆರಿಸಲು. ನಾನು ಉಸಿರೆಳೆದು ಊದಿದೆ. ಒಂದು ಉದ್ದ. ಮೋಡ, ಬಾಯಿ ಬಿಡಿ. ಜೀವಮಾನದಲ್ಲಿ ಅಷ್ಟು ಉದ್ದ ಊದಿರಲಿಲ್ಲ.

ಅವಳು ಹೊಳೆಯುವ ಕೋಡನ್ನು ನೋಡಿದಳು. ನನ್ನನ್ನು ನೋಡಿದಳು. ಬುಟ್ಟಿಯನ್ನು ಅಲ್ಲೇ ಕಲ್ಲಿನ ಮೇಲಿಟ್ಟು, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಮರಳಿ ಮಂಜಿಗಿಳಿದಳು.

ಆ ದಿನವೆಲ್ಲ ಕೆಳಗಿನಿಂದ ಊರು ಗದ್ದಲ ಮಾಡುವುದು ಕೇಳುತ್ತಿತ್ತು. ಗಂಟೆಗೊಮ್ಮೆ ಉದ್ದ ಊದಿದೆ. ಒಬ್ಬನಾದರೂ ದಿಬ್ಬದ ತನಕ ಬಂದು ಕಣ್ಣಾರೆ ನೋಡಿದ್ದರೆ ನನ್ನ ಕಥೆ ಮುಗಿಯುತ್ತಿತ್ತು. ಬರಲಿಲ್ಲ. ನಮ್ಮೂರಿನವರು ಕಣ್ಣನ್ನು ಕೊಂಬಿಗೂ ಕಿವಿಯನ್ನು ಕೋಡಿಗೂ ಬರೆದುಕೊಟ್ಟು ಯಾವ ಕಾಲವಾಯಿತು!

ಸೋಮವಾರ ಬಿಸಿಲು ತುದಿಗೆ ತಾಗಿತು. ನೆನ್ನೆ ಮೋಡವಿತ್ತಲ್ಲ ಎಂಬ ನೆಮ್ಮದಿಯಲ್ಲಿ ಜನ ಆಕಳಿಸುತ್ತ ಬಾಗಿಲಿಗೆ ಬಂದಿದ್ದರು. ಮರಿಕೋಡು ಮೊದಲು ಅತ್ತೆ-ಬಂಗಾರದ ಕೊಡದ ಜಗಳವನ್ನು ಪೂರ್ತಿಯಾಗಿ ಒಪ್ಪಿಸಿತು. ಬಂಗಾರ ಮನೆಯೊಳಕ್ಕೆ ಓಡಿ ಬಾಗಿಲು ಹಾಕಿಕೊಂಡಳು. ಆಮೇಲೆ ಹೊಂಬಾಳಕ್ಕನ ದನಿ, ಸ್ಪಷ್ಟವಾಗಿ: "ಚಿಕ್ಕೀರಣ್ಣ, ಮೋಡ ಇದೆ, ಕೋಡಿಗೆ ಕೇಳಲ್ಲ. ನನ್ನ ಮುಖ ನೋಡಿ ಹೇಳು. ಅದು ನನ್ನ ಮಾತಾ?"

ಚಿಕ್ಕೀರಣ್ಣನ ದನಿ: "ಅಲ್ಲ ಕಣಕ್ಕ. ಕಾಲೇಜು ಆಡಿದ್ದು. ನಮಗೆಲ್ಲ ಗೊತ್ತು. ಏನು ಮಾಡ್ಲಿ, ಯಜಮಾನ್ರ ಹಿಂದೆ ಹೋದ್ರೆ ನನ್ನ ನಾಲ್ಕು ಕುರಿಗೂ ಹುಲ್ಲು ಸಿಗುತ್ತೆ." ಅವನ ಹಿಂದೆ ಮಿಕ್ಕವರ ದನಿಗಳು, ಹ್ಞೂ, ಹೌದಕ್ಕ, ತಪ್ಪು ತಿಳ್ಕೋಬೇಡ. ಕೊನೆಗೆ ಆ ಗಂಟಲು: "ಹ್ಞಕ್ಕ್. ನಿಂದಲ್ಲ ಅಂತ ನನಗೆ ಮೊದಲ ದಿನಾನೇ ಗೊತ್ತು ಹೊಂಬಾಳಿ. ಗೊತ್ತಿದ್ರೇನು? ಕೋಡು ಹೇಳ್ತು, ಊರು ಕೇಳ್ತು. ನಿಜ ಕಟ್ಕೊಂಡು ನನಗೇನಾಗಬೇಕು?"

ದ್ಯಾವಣ್ಣ ಕೋಡನ್ನು ನೋಡುತ್ತಲೇ ಇದ್ದರು, ಇನ್ನೇನಾದರೂ ಹೇಳಿ ತಿದ್ದೀತು ಎಂಬಂತೆ. ಹೊಂಬಾಳಕ್ಕ ಬೀದಿಯ ನಡುವೆ ಬಂದು ಅವರೆದುರು ನಿಂತಳು. ಸೊಂಟಕ್ಕೆ ಕೈ ಕೊಟ್ಟಳು. ಗಂಟಲು ಕೆರೆದಳು. "ಹ್ಞಕ್ಕ್" ಎಂದಳು. "ಅಂದ ಮೇಲೆ... ಆಯ್ತಲ್ಲ."

ಸಾಕ್ಷಾತ್ ದ್ಯಾವಣ್ಣ. ಎರಡು ಪದಗಳ ನಡುವೆ ಅವರು ನುಂಗುವ ಉಗುಳಿನ ಸಮೇತ. ನಾಲ್ಕು ವರ್ಷ ಅವರನ್ನು ಅಣಕಿಸಿದವನು ನಾನು, ನನಗೆ ಆ ಉಗುಳು ಯಾವತ್ತೂ ಸಿಕ್ಕಿರಲಿಲ್ಲ. ಊರೆಲ್ಲ ನಕ್ಕಿತು. ಹಸಿರುಬಟ್ಟಲು ಅವಳದೇ ಎಂದು ಯಜಮಾನರು ಅದೇ ಮಧ್ಯಾಹ್ನ ತಿಳಿ ನೋಡಿ ಕೂಗಬೇಕಾಯಿತು.

ಇಲ್ಲಿಗೆ ಊರಿಗೆ ಬುದ್ಧಿ ಬಂತು ಎಂದು ನೀವು ಅಂದುಕೊಂಡರೆ ನಮ್ಮೂರು ನಿಮಗೆ ಗೊತ್ತಿಲ್ಲ. ನಗು ಮುಗಿಯುವ ಮುಂಚೆಯೇ ಯಾರೋ "ಹಂಗಾದ್ರೆ ನೆನ್ನೆ ಮೋಡ ಇರಲಿಲ್ವಾ?" ಎಂದರು. ಆಗ ನೋಡಿ ಸಿಟ್ಟು! ಒಬ್ಬಳ ಹುಲ್ಲು ಕದ್ದಾಗ ಬಾರದ ಸಿಟ್ಟು, ಗೊತ್ತಿದ್ದೂ ಸುಳ್ಳಾಡಿದಾಗ ಬಾರದ ಸಿಟ್ಟು, ಎಲ್ಲ ಒಟ್ಟಾಗಿ ದಿಬ್ಬ ಹತ್ತಿ ಬಂತು. "ಕೊಂಬು ಸುಳ್ಳಾಡ್ತು! ಕೊಂಬೇ ಸುಳ್ಳಾಡಿದ್ರೆ ಮನುಷ್ಯ ಯಾರನ್ನ ನಂಬಬೇಕು?" ಇದನ್ನು ಕೂಗಿದವನು ಚಿಕ್ಕೀರಣ್ಣ. ಮುಂದಿನ ಬೆಳಗ್ಗೆ ಕೋಡು ಅದನ್ನೂ ಒಪ್ಪಿಸಿತು, ಯಾರೂ ನಗಲಿಲ್ಲ. ನನ್ನಿಂದ ಕೊಂಬು ಕಿತ್ತುಕೊಂಡರು. ಈಗ ದಿಬ್ಬದಲ್ಲಿ ಇಬ್ಬರಿದ್ದಾರೆ, ಒಬ್ಬರ ಮೇಲೊಬ್ಬರು ಕಣ್ಣಿಟ್ಟುಕೊಂಡು. ಕೋಡಿನ ಮೇಲೆ ಯಾರೂ ಕಣ್ಣಿಟ್ಟಿಲ್ಲ ಎಂದು ನನ್ನ ಗುಮಾನಿ.

ಮಂಗಳವಾರ ಹೊಂಬಾಳಕ್ಕನ ಮಂದೆ ಮೇಲಕ್ಕೆ ಹೊರಟಿತು. ನನ್ನ ಮನೆ ಮುಂದೆ ನಿಂತು "ಬಾರೋ" ಎಂದಳು. "ಕುರಿ ಕಾಯಿ ಬಾ. ಬಟ್ಟಲಲ್ಲಿ ಕೋಡು ನೆತ್ತಿ ಮೇಲೇ ಇರುತ್ತೆ, ಗಂಟಲು ಬಾಡಿಗೆಗೆ ಬಿಡೋಕಾಗಲ್ಲ. ಅಲ್ಲಿ ನಿನ್ನದೊಂದೇ ನಡೆಯೋದು. ಹೆಂಗಿದೆ ಅಂತ ನೋಡೇಬಿಡೋಣ, ಏನಂತೀ?" ಕ್ಷಮಿಸಿದಳೋ ಶಿಕ್ಷಿಸಿದಳೋ ಕೇಳಲು ಧೈರ್ಯವಾಗಲಿಲ್ಲ. ಹೋದೆ.

ಬಟ್ಟಲಲ್ಲಿ ಹುಲ್ಲು ಬೆರಳುದ್ದ ಬಂದಿತ್ತು. ಹಿಮದಂಚಿನಿಂದ ನೀರು ಎಳೆಯೆಳೆಯಾಗಿ ಇಳಿಯುತ್ತಿತ್ತು, ಕಲ್ಲುಸಂದಿಯಲ್ಲಿ ನೀಲಿ ಹೂ ಬಿಟ್ಟಿತ್ತು. ಮರಿಗಳು ಎರಡೇ ದಿನದಲ್ಲಿ ಜಿಗಿಯಲು ಕಲಿತವು. ನಾನು ನನ್ನದೇ ದನಿಯಲ್ಲಿ ಮಂದೆಯನ್ನು ಕರೆಯುವುದನ್ನು ಕಲಿತೆ. ಮೊದಮೊದಲು ಅದು ಯಾರದೋ ಅಂತ ನನಗೇ ಅನುಮಾನ ಬರುತ್ತಿತ್ತು. ವಾರದ ಹೊತ್ತಿಗೆ ಕುರಿಗಳು ಅದಕ್ಕೆ ಒಗ್ಗಿಕೊಂಡವು. "ಬಾ ಬಾ ಬಾ, ಹೋಯ್!" ಎಂದರೆ ಬಟ್ಟಲಿನ ಆ ಅಂಚಿನಿಂದ ಓಡಿ ಬರುತ್ತಿದ್ದವು. ಹೊಂಬಾಳಕ್ಕ ಒಂದು ಸಂಜೆ ತಲೆದೂಗಿದಳು ಕೂಡ.

ಮಾರನೆಯ ಬೆಳಗ್ಗೆ ಉಪ್ಪಿನ ಚೀಲ ಹಿಡಿದು ಮಂದೆಯ ನಡುವೆ ನಿಂತಿದ್ದೆ. ತುದಿಗೆ ಬಿಸಿಲು ತಾಗಿತು. "ಬಾ ಬಾ ಬಾ, ಹೋಯ್!" ಎಂದಿತು ಮರಿಕೋಡು ನನ್ನ ದನಿಯಲ್ಲಿ. ನನ್ನ ಕೈಯಿಂದ ಉಪ್ಪು ನೆಕ್ಕುತ್ತಿದ್ದ ಕುರಿಗಳು ಒಮ್ಮೆಗೇ ನಾಲಿಗೆ ಎಳೆದುಕೊಂಡು, ತಲೆ ಎತ್ತಿ, ಕೋಡಿನ ಕಡೆ ತಿರುಗಿ ಓಡತೊಡಗಿದವು.

"ಲೇ, ನಾನಿಲ್ಲಿದೀನಿ!" ಎಂದು ಕೂಗಿದೆ. "ಅದು ನಾನಲ್ಲ!"

ಒಂದೂ ತಿರುಗಿ ನೋಡಲಿಲ್ಲ. ಬಂಡೆಯ ಮೇಲೆ ಕೂತಿದ್ದ ಹೊಂಬಾಳಕ್ಕ ಮಾತ್ರ ನನ್ನನ್ನೇ ನೋಡುತ್ತಿದ್ದಳು.